ಯೋಚನೆ ಮಾಡುವ ಮುಖ

"ಕೊಡೆ ಮಾಡೋ ಕಂಪನಿ. ವ್ಯಾಪಾರ ಏನೋ ಜೋರಾಗಿದೆ, ಲಾಭ ಮಾತ್ರ ಇಳೀತಿದೆ. ಯಾಕೆ..." ಹೆಂಡತಿ ಪ್ರಶ್ನೆ ಮುಗಿಸಿರಲಿಲ್ಲ, ಗಂಡ "ಹಿಡಿಕೆ!" ಎಂದುಬಿಟ್ಟ.

ಅವಳು ಪುಸ್ತಕ ಮಡಚಿ ಅದರಿಂದಲೇ ಅವನ ಮಂಡಿಗೊಂದು ಬಿಟ್ಟಳು. "ರೀ, ಹಿಡಿಕೆ ಸುದ್ದಿ ನಾನಿನ್ನೂ ಎತ್ತೇ ಇಲ್ಲ!"

"ಉತ್ತರ ಅದೇ ತಾನೇ?"

"ಹೌದು. ಆದ್ರೆ ಅದು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನ ಮೊದ್ಲು ಚೆನ್ನಾಗಿ ಗೊತ್ತು ಮಾಡ್ಕೊಳ್ಳಿ."

ಸಲಹೆ ಮಾರುವ ಕನ್ಸಲ್ಟಿಂಗ್ ಕಂಪನಿಗಳ ಸಂದರ್ಶನವೇ ಹಾಗೆ. ಇನ್ಯಾವುದೋ ಕಂಪನಿಯ ಗೋಳನ್ನು ಎರಡು ಮಾತಲ್ಲಿ ಹೇಳಿ ಮದ್ದು ಕೇಳುತ್ತಾರೆ. ಬಂದವನು ತಡೆದು, ತೂಗಿ, ಒಂದೊಂದೇ ಪ್ರಶ್ನೆ ಹಾಕಿ ಗುಟ್ಟು ಬಿಡಿಸಬೇಕು. ಇವನೋ ಅಂಥ ಕೇಸುಗಳ ಪುಸ್ತಕವನ್ನೇ ಮಗ್ಗಿಯ ಹಾಗೆ ಉರು ಹೊಡೆದಿದ್ದ. ಉತ್ತರ ಸಿಗದಿರುವುದು ಲೋಕದ ಕಷ್ಟ. ಸಿಕ್ಕ ಉತ್ತರ ಬಾಯೊಳಗೆ ನಿಲ್ಲದಿರುವುದು ಇವನ ಕಷ್ಟ. ಎರಡು ಕಂಪನಿಯವರು ಆಗಲೇ ಕೈ ಮುಗಿದು ಕಳಿಸಿದ್ದರು. ನಾಳೆಯದೂ ಕೈಕೊಟ್ಟರೆ ಮಾವನ ಹಾಸಿಗೆ ಅಂಗಡಿಯೇ ಗತಿ. "ಅಳಿಯಂದ್ರು ಸುಮ್ನೆ ಮಲಗಿ ತೋರಿಸಿದ್ರೂ ಸಾಕು, ಗಿರಾಕಿ ಬರ್ತಾರೆ" ಎಂದು ಮಾವ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಹೆಂಡತಿ ಶಾಲೆಯಲ್ಲಿ ನಾಟಕ ಕಲಿಸುವ ಟೀಚರು. ಬಾಯಿ ಬಿಡದ ಮಕ್ಕಳನ್ನು ರಾಜ ಮಂತ್ರಿ ಮಾಡಿದವಳಿಗೆ, ಬಾಯಿ ಮುಚ್ಚದ ಗಂಡನನ್ನು ಪಳಗಿಸುವುದು ಹೊಸ ಪಾಠ. "ಉಸಿರೆಳ್ಕೊಳ್ಳಿ. ಮೇಲೆ ಫ್ಯಾನ್ ನೋಡಿ. ಆಮೇಲೆ ನಿಧಾನಕ್ಕೆ 'ಒಂದು ನಿಮಿಷ ಕೊಡ್ತೀರಾ' ಅನ್ನಿ."

ಅವನು ಫ್ಯಾನು ನೋಡಿದ.

"ಅಯ್ಯೋ, ಇದು ಯೋಚ್ನೆ ಮಾಡೋ ಮುಖ ಅಲ್ಲ ರೀ, ಸೀನು ಬರದೆ ಒದ್ದಾಡೋ ಮುಖ!"

ಕನ್ನಡಿ ಮುಂದೆ ಕೂರಿಸಿ ಹುಬ್ಬು ಎಷ್ಟು ಏರಬೇಕು, ಗಲ್ಲಕ್ಕೆ ಬೆರಳು ಯಾವಾಗ ಹೋಗಬೇಕು ಎಂದು ತಿದ್ದಿದಳು. ಊಟದ ಹೊತ್ತಿಗೆ "ಪಲ್ಯ ಹಾಕ್ಲಾ?" ಎಂದರೂ ಅವನು ಒಂದು ನಿಮಿಷ ಬೇಡುವಷ್ಟು ತಯಾರಾಗಿದ್ದ.

ಮರುದಿನ ಗಾಜಿನ ಕೋಣೆಯಲ್ಲಿ, ನರೆಗೂದಲ ಮೇಡಂ ಎದುರಿಗೆ ಕೂತು, "ಒಂದು ಕೊಡೆ ಕಂಪನಿ ಇದೆ. ವ್ಯಾಪಾರ ಜೋರು, ಲಾಭ ಇಳೀತಿದೆ" ಎಂದರು. ಅವನ ಹೊಟ್ಟೆಯೊಳಗೆ ನಗು ಉಕ್ಕಿತು. ಅದುಮಿಕೊಂಡ. ಉಸಿರೆಳೆದ, ಚಾವಣಿ ನೋಡಿದ, ನಿಮಿಷ ಬೇಡಿದ. ಕೊಟ್ಟರು. ಖರ್ಚು ಕೇಳಿದ, ಬೆಲೆ ಕೇಳಿದ, ಗಲ್ಲ ಕೆರೆದುಕೊಂಡ. ಎಲ್ಲವೂ ಹೆಂಡತಿ ಕಲಿಸಿದಂತೆಯೇ ನಡೆಯುತ್ತಿತ್ತು. ಅಷ್ಟರಲ್ಲಿ ಹಾಳು ನಾಲಿಗೆ ಹಿಡಿತ ತಪ್ಪಿ ಹಿಡಿಕೆಗೇ ಬಂತು. "ಅಂದ್ರೆ ಮೇಡಂ, ಆ ಹಿಡಿಕೆಗಳು ಮುರಿದು ವಾಪಸ್ ಬರ್ತಿರೋದ್ರಿಂದ..."

ಮೇಡಂ ಪೆನ್ನು ಕೆಳಗಿಟ್ಟರು. "ಹಿಡಿಕೆ ಮುರೀತಿದೆ ಅಂತ ನಾನು ಹೇಳಿದ್ನಾ?"

ಹೊಸ ಹತ್ತಿಯ ವಾಸನೆ ಅವನ ಮೂಗಿಗೆ ಬಡಿದಂತಾಯಿತು. ಕಣ್ಣ ಮುಂದೆ ಮಾವ ಅಂಗಡಿ ಬಾಗಿಲಲ್ಲಿ ನಿಂತು ದಿಂಬು ಕೊಡವಿದಂತಾಯಿತು. "ಇಲ್ಲ ಮೇಡಂ," ಎಂದ. "ನನಗೆ ಉತ್ತರ ಮೊದ್ಲೇ ಗೊತ್ತಿತ್ತು."

"ಮತ್ತೆ ಅಷ್ಟು ಹೊತ್ತು ಮೇಲೆ ನೋಡ್ಕೊಂಡು ಏನ್ ಮಾಡ್ತಿದ್ರಿ?"

"ಯೋಚ್ನೆ ಮಾಡೋರ ಹಾಗೆ ಕಾಣ್ತಿದ್ದೆ."

ಮೇಡಂ ಎದ್ದು ಹೋಗಿ ಬಾಗಿಲು ಹಾಕಿದರು. ಇನ್ನು ಮಂಗಳಾರತಿಯೇ ಎಂದು ಅವನು ತಲೆ ತಗ್ಗಿಸಿದ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕೈ ಚಾಚಿ ಅವನ ಕೈ ಕುಲುಕಿದರು. "ನಮ್ಮ ಹುಡುಗ್ರಿಗೆ ಇದೊಂದನ್ನ ಕಲಿಸೋಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತೆ. ನೀವು ಕಲಿತೇ ಬಂದಿದೀರಿ. ನಾಳೆಯಿಂದ್ಲೇ ಸೇರ್ಕೊಳ್ಳಿ."

ಅವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ಬರ್ತೀನಿ ಮೇಡಂ! ಮೊದ್ಲು ಯಾವ ಕಂಪನಿಗೆ ಸಲಹೆ ಕೊಡ್ಬೇಕು?"

"ಅದೇ ಇನ್ನೂ ಗೊತ್ತಿಲ್ಲ," ಎಂದರು ಮೇಡಂ. "ಉತ್ತರ ಬರೆದಾಗಿದೆ. ಅದಕ್ಕೆ ಹೊಂದೋ ಕಂಪನಿ ಹುಡುಕ್ತಾ ಇದೀವಿ."