ಆಫೀಸಿನವನ ಸೊಪ್ಪು

ನದಿಗೆ ಪೇಟೆಯ ಚರಂಡಿ ಸೇರಿ ನೀರು ನಾರತೊಡಗಿದ ಮೇಲೆ ಅವಳ ಹೊಲದ ಮನೆಗೆ ನೆಂಟರು ಬರುವುದು ನಿಂತಿತ್ತು. ಆ ನೀರಿನಲ್ಲೇ ಬೆಳೆದ ಸೊಪ್ಪು ಮಾತ್ರ ದಿನವೂ ಟೆಂಪೋ ಹತ್ತಿ ಪೇಟೆಗೆ ಹೋಗುತ್ತಿತ್ತು.

ತಪ್ಪದೆ ಬರುತ್ತಿದ್ದವನು ಒಬ್ಬನೇ, ತಿಂಗಳಿಗೊಮ್ಮೆ ನದಿನೀರನ್ನು ಪರೀಕ್ಷೆಗೆ ಒಯ್ಯುವ ಆಫೀಸಿನವನು. ಅವನು ದಡದಲ್ಲಿ ಬಾಟಲಿ ತುಂಬಿಕೊಳ್ಳುತ್ತಾ, "ಅಮ್ಮಾ, ಒಂದು ಕಟ್ಟು ದಂಟಿನ ಸೊಪ್ಪು ಕೊಡಿ" ಎಂದು ಕೂಗುತ್ತಿದ್ದ. ಅವಳು ಓಡಿಹೋಗಿ ಕಿತ್ತು, ಒದ್ದೆ ಬಟ್ಟೆ ಸುತ್ತಿ ತರುತ್ತಿದ್ದಳು.

"ಹೋದ್ಸಲದ್ದು ಬಸ್ಸಾರು ಮಾಡ್ಸುದ್ರಾ, ಸಾರ್?"

"ಹ್ಞೂಂ, ಚೆನ್ನಾಗಿತ್ತು" ಎನ್ನುತ್ತಿದ್ದ, ಬೇರೆಲ್ಲೋ ನೋಡುತ್ತಾ.

ಈ ಸಲ ಬಾಟಲಿಯ ಬದಲು ಒಂದು ಕಾಗದ ತಂದಿದ್ದ.

"ಒಳ್ಳೆ ಸುದ್ದಿ ಅಮ್ಮಾ. ನೀರು ಕೆಟ್ಟಿದ್ರೂ ನಿಮ್ಮ ಹೊಲದ ಸೊಪ್ಪಲ್ಲಿ ವಿಷ ಇಲ್ಲ. ನೀವು ಕೊಟ್ಟ ಆರು ಕಟ್ಟೂ ಲ್ಯಾಬಲ್ಲಿ ಪಾಸಾಗಿವೆ. ಪೇಟೆಗೆ ಧೈರ್ಯವಾಗಿ ಕಳಿಸಿ."

"ಅಂದ್ರೆ... ನೀವು ಉಣ್ಲಿಲ್ವಾ?"

"ಪರೀಕ್ಷೆಗೆ ಅಂದಿದ್ರೆ ನೀವು ಕೊಡ್ತಿರ್ಲಿಲ್ಲ. ಇನ್ನು ಈ ಕಡೆ ನನಗೆ ಕೆಲಸ ಇಲ್ಲ, ಬರ್ತೀನಿ."

ಬೈಕಿನ ಸದ್ದು ಅಡಗುವವರೆಗೂ ಅವಳು ನಿಂತೇ ಇದ್ದಳು. ಆಮೇಲೆ ಹಿತ್ತಲಿಗೆ ಹೋದಳು. ಊರಿನಿಂದ ತಲೆಯ ಮೇಲೆ ಹೊತ್ತು ತಂದ ಕುಡಿಯುವ ನೀರನ್ನೇ ಹಾಕಿ ಅವನೊಬ್ಬನಿಗೆಂದು ಬೆಳೆಸುತ್ತಿದ್ದ ಪುಟ್ಟ ಮಡಿಯಲ್ಲಿ ಮುಂದಿನ ತಿಂಗಳ ಸೊಪ್ಪು ಆಗಲೇ ಬೆರಳುದ್ದ ಬಂದಿತ್ತು.