ಕೊನೆಪುಟದ ಕಾಟ

“ಕೊಂದಿದ್ದು ಡ್ರೈವರ್.”

ಎರಡೇ ಪದ. ಬೆಳಿಗ್ಗೆ ಬೆಳಿಗ್ಗೆಯೇ ಗುಳಿಗೆರಾಯನ ಓದುಬಳಗಕ್ಕೆ ಬೆಂಕಿ ಬಿತ್ತು. ಹಲ್ಲಿನ ಡಾಕ್ಟರು ಆ ಪತ್ತೇದಾರಿ ಕಾದಂಬರಿಯ ನೂರನೆಯ ಪುಟದಲ್ಲಿದ್ದರು. “ಇನ್ನೇನು ಮಣ್ಣು ಓದೋದು?” ಎಂದು ಬರೆದು ಬಳಗವನ್ನೇ ಬಿಟ್ಟು ಹೋದರು. ಅವರ ಬೆನ್ನಿಗೇ ಇನ್ನಿಬ್ಬರು.

ಗುಳಿಗೆರಾಯ ಎಂದರೆ ಔಷಧಿ ಅಂಗಡಿಯವನು. ಆನ್‌ಲೈನ್ ಬಳಗದವರು ಪ್ರೀತಿಯಿಂದ ಇಟ್ಟ ಹೆಸರು ಅದು. ಪ್ರತಿ ತಿಂಗಳ ಮೊದಲ ದಿನ ಅವನು ಒಂದು ಪತ್ತೇದಾರಿ ಕಾದಂಬರಿ ಆರಿಸಿ, ಮೊದಲ ಅಧ್ಯಾಯವನ್ನು ತಾನೇ ಗಟ್ಟಿಯಾಗಿ ಓದಿ ಧ್ವನಿಮುದ್ರಿಕೆ ಹಾಕುತ್ತಿದ್ದ. ಉಳಿದದ್ದನ್ನು ಜನ ಕೊಂಡು ಓದಿ, ಹರಟಿ, ತಿಂಗಳ ಕೊನೆಗೆ ವಿಮರ್ಶೆ ಬರೆಯಬೇಕು. ನಾಲ್ಕು ವರ್ಷ ಚೆಂದವಾಗಿಯೇ ನಡೆದಿತ್ತು, ‘ಕೊನೆಪುಟ’ ಎಂಬ ಹೆಸರಿನ ಪ್ರಾಣಿ ಒಳಗೆ ಬರುವವರೆಗೆ. ಮೂರನೆಯ ದಿನಕ್ಕೆ ಸರಿಯಾಗಿ ಅದು ಕೊಲೆಗಾರ ಯಾರೆಂದು ಹೇಳಿಬಿಡುತ್ತಿತ್ತು. ಒಮ್ಮೆಯೂ ತಪ್ಪಿರಲಿಲ್ಲ. ಹೊರಗೆ ಹಾಕಿದರೆ ‘ಒಳಪುಟ’ ಎಂದು ಬರುತ್ತಿತ್ತು. ಅದನ್ನೂ ಹಾಕಿದರೆ ‘ಹಿಂಪುಟ’. ಅಡ್ಡಹೆಸರಿನ ಹಿಂದೆ ಯಾರಿದ್ದಾರೆಂದು ತಿಳಿಯುವ ದಾರಿ ಆ ತಾಣದಲ್ಲಿರಲಿಲ್ಲ.

“ಇನ್ನೊಂದು ಸಲ ಹೀಗಾದ್ರೆ ಉಳಿದ ಹತ್ತೊಂಬತ್ತು ಜನಾನೂ ಹೊರಟ್ವಿ ಅಂತ ತಿಳ್ಕೊಳ್ಳಿ,” ಎಂದು ಬ್ಯಾಂಕ್ ಮ್ಯಾನೇಜರಮ್ಮ ಬರೆದರು. ಅವರು ಆಡಿದರೆ ಮಾಡುವವರು. ಗುಳಿಗೆರಾಯನಿಗೆ ಅಳುವೇ ಬಂತು.

“ಮುಖ ಯಾಕೋ ಹರಳೆಣ್ಣೆ ಕುಡಿದೋರ ಹಾಗಿದೆ?” ಎಂದಳು ಅಕ್ಕ. ನಿವೃತ್ತ ಹೆಡ್‌ಮಿಸ್. ಕಣ್ಣು ಮಂಜಾದ ಮೇಲೆ ಪುಸ್ತಕ ಮುಟ್ಟಿರಲಿಲ್ಲ. ದಿನವೂ ತಮ್ಮನ ಅಂಗಡಿಯ ಸ್ಟೂಲಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೈಯಂದಾಜಿನಲ್ಲೇ ಸ್ವೆಟರ್ ಹೆಣೆಯುತ್ತಿದ್ದಳು.

“ಯಾವನೋ ಪುಸ್ತಕದ ಗುಟ್ಟೆಲ್ಲ ಒಡೀತಿದಾನೆ ಅಕ್ಕ. ಕೈಗೆ ಸಿಕ್ಕಿದ್ರೆ ಚರ್ಮ ಸುಲೀತೀನಿ.”

“ಕೂಸು ಹುಟ್ಟೋ ಮುಂಚೆ ಕುಲಾವಿ ಬೇಡ. ಮೊದಲು ಹಿಡಿ.”

ಮುಂದಿನ ತಿಂಗಳ ಮೊದಲ ದಿನ ಗುಳಿಗೆರಾಯ ನಿದ್ದೆಮಾತ್ರೆಗಳ ಬೀರುವಿನ ಬೀಗ ತೆಗೆದು ಒಂದು ದಪ್ಪ ಕಟ್ಟನ್ನು ಹೊರತೆಗೆದ. ಬಳಗಕ್ಕೆ ಬರೆದ: “ಈ ಸಲದ ಕಾದಂಬರಿ ಅಂಗಡೀಲಿ ಸಿಗೋದಿಲ್ಲ. ಇರೋದೇ ಒಂದು ಪ್ರತಿ, ಅದೂ ನನ್ನ ಹತ್ರ, ಬೀಗದಲ್ಲಿ. ವಾರಕ್ಕೆರಡು ಅಧ್ಯಾಯ ನಾನೇ ಓದ್ತೀನಿ. ಇದರ ಕೊನೆ ಹೇಳೋ ಗಂಡು ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!”

ಬರೆದವರು ಯಾರೆಂದು ಮ್ಯಾನೇಜರಮ್ಮ ಕೇಳಿದರು. “ಅಷ್ಟೇನೂ ಹೆಸರಿಲ್ಲದವರು,” ಎಂದ.

ಮೊದಲ ಅಧ್ಯಾಯ ಓದುವಾಗ ಎರಡು ಸಲ ನಿಲ್ಲಿಸಿ ನೀರು ಕುಡಿದ. ಗಡಿಯಾರ ರಿಪೇರಿಯವನೊಬ್ಬ ತನ್ನ ಅಂಗಡಿಯಲ್ಲೇ ಸತ್ತು ಬಿದ್ದಿರುತ್ತಾನೆ, ಪೊಲೀಸರು ಬರುತ್ತಾರೆ, ಅಕ್ಕಪಕ್ಕದವರು, ಮಹಡಿ ಮೇಲಿನ ಬಾಡಿಗೆದಾರ ಎಲ್ಲ ನೆರೆಯುತ್ತಾರೆ. ಯಾರೋ “ಶುರು ಸ್ವಲ್ಪ ಜಾಳು” ಎಂದರು. ಗುಳಿಗೆರಾಯನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಮ್ಯಾನೇಜರಮ್ಮ “ಭಾಷೆ ಸೊಗಸಾಗಿದೆ” ಎಂದರು. ಸಂಜೆಯವರೆಗೆ ಗಿರಾಕಿಗಳಿಗೆಲ್ಲ ನಗುನಗುತ್ತ ಕೆಮ್ಮಿನ ಔಷಧಿ ಕೊಟ್ಟ.

ಮೂರನೆಯ ದಿನ. ‘ರಕ್ಷಾಪುಟ’ ಎಂಬ ಹೊಸ ಹೆಸರು. ಒಂದೇ ಸಾಲು.

“ಕೊಂದಿದ್ದು ಮಹಡಿ ಮೇಲಿನ ಬಾಡಿಗೆದಾರ.”

ಗುಳಿಗೆರಾಯ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಓಡಿಹೋಗಿ ಬೀರು ತೆರೆದ. ಬೀಗ ಸರಿಯಾಗಿಯೇ ಇತ್ತು. ಸರಸರನೆ ಹಾಳೆ ತಿರುವಿದ. ಮೂರನೆಯ ಅಧ್ಯಾಯದಲ್ಲಿ ಬಾಡಿಗೆದಾರ ಸತ್ತವನ ಗಡಿಯಾರಕ್ಕೆ ಕೀಲಿ ಕೊಡುತ್ತಾನೆ. ಏಳನೆಯದರಲ್ಲಿ ಅವನ ಛತ್ರಿ ಒದ್ದೆಯಾಗಿದೆ. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು.

“ಅಯ್ಯೋ ನನ್ನಪ್ಪ, ಹೌದಲ್ಲ!”

“ಸರಿಯಿದೆ ತಾನೇ?” ಎಂದು ಸ್ಟೂಲಿನಿಂದ ಅಕ್ಕ ಕೇಳಿದಳು.

“ಏನು ಸರಿ?”

“ಅದೇ, ಬಾಡಿಗೆದಾರ ಕಣೋ.”

ಅವನು ಆ ಮಾತನ್ನು ಬಾಯಿಬಿಟ್ಟು ಆಡಿರಲೇ ಇಲ್ಲ. “ನೀನಾ? ನಿನಗೆ ಓದೋಕೇ ಆಗಲ್ವಲ್ಲ!”

“ಓದ್ದೆ ಅಂತ ಯಾರಂದ್ರು? ನೀನು ಓದೋದನ್ನ ಕೇಳ್ತೀನಿ. ಉತ್ತರಾನ ಫೋನಿಗೆ ಬಾಯಲ್ಲಿ ಹೇಳಿದ್ರೆ ಅದೇ ಬರ್ಕೊಳುತ್ತೆ. ಮೂವತ್ತೆರಡು ವರ್ಷ ಮಕ್ಕಳನ್ನ ಕಾದಿದೀನಪ್ಪ. ಯಾರೂ ಕೇಳದೇ ಇದ್ರೂ ‘ನಾನಲ್ಲ ಮಿಸ್’ ಅನ್ನೋನ ಜೇಬಲ್ಲೇ ಸೀಮೆಸುಣ್ಣ ಇರುತ್ತೆ. ನಿನ್ನ ಬಾಡಿಗೆದಾರ, ಪೊಲೀಸರು ಬಾಯಿ ತೆಗೆಯೋ ಮುಂಚೇನೇ ‘ನಾನು ಊರಲ್ಲಿರಲಿಲ್ಲ’ ಅಂತಾನೆ. ಹೇಳೋ ಗಂಡು ಹುಟ್ಟಿಲ್ಲ ಅಂದ್ಯಲ್ಲ, ಹೆಣ್ಣು ಹುಟ್ಟಿ ಅರವತ್ತೈದು ವರ್ಷ ಆಯ್ತು.”

“ಅದಕ್ಕೆ ಎಲ್ಲರ ಓದಿಗೂ ಕಲ್ಲು ಹಾಕೋದಾ ಅಕ್ಕ?”

ಹೆಣಿಗೆಯ ಕಡ್ಡಿ ನಿಂತಿತು. “ಅವರೆಲ್ಲ ತಿಂಗಳಿಡೀ ಓದ್ತಾರೆ, ಮಾತಾಡ್ತಾರೆ. ನಂಗೆ ಸಿಗೋದು ಅದೊಂದೇ ಅಧ್ಯಾಯ. ನಾನೂ ಏನಾದ್ರೂ ಹೇಳ್ಬೇಕಲ್ಲೋ.”

ಗುಳಿಗೆರಾಯನಿಗೆ, ಇಷ್ಟು ದಿನ ಪಕ್ಕದಲ್ಲೇ ಕೂತಿದ್ದವಳನ್ನು ಒಂದು ಮಾತು ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. “ಇನ್ಮೇಲೆ ಎಲ್ಲ ಪುಸ್ತಕಾನೂ ಪೂರ್ತಿ ಓದಿ ಹೇಳ್ತೀನಿ. ಕೊಲೆಗಾರನ ಹೆಸರು ನನ್ನೊಬ್ಬನ ಕಿವೀಲಿ ಹೇಳು, ಸಾಕು.”

ಅಷ್ಟರಲ್ಲಿ ಮ್ಯಾನೇಜರಮ್ಮನ ಸಂದೇಶ ಬಂತು. “ಗುಳಿಗೆರಾಯರೇ, ನಿಜ ಹೇಳಿ. ಬಾಡಿಗೆದಾರನೇನಾ? ಹೌದು ಅಂದ್ರೆ ನಾವು ಹೊರಟ್ವಿ.”

ಗುಳಿಗೆರಾಯ ಕೆನ್ನೆ ಕೆರೆದುಕೊಂಡ. ಆಮೇಲೆ ಅಕ್ಕನಿಗೆ ಕೇಳಿಸುವಂತೆ ಓದಿಕೊಳ್ಳುತ್ತಲೇ ಉತ್ತರ ಬರೆದ: “ನನ್ನಾಣೆ ಅಮ್ಮಾ, ಈ ಕಟ್ಟಿನಲ್ಲಿ ಆ ಮಾತು ಎಲ್ಲೂ ಇಲ್ಲ.”

ಬಳಗ ಕುಣಿದಾಡಿತು. ಕೊನೆಪುಟದ ಜಂಬ ಇಳಿಯಿತೆಂದು ಒಬ್ಬರು, ಬೇಗ ಎರಡನೆಯ ಅಧ್ಯಾಯ ಹಾಕಿ ಎಂದು ಇನ್ನೊಬ್ಬರು. ಯಾರೂ ಹೋಗಲಿಲ್ಲ. ಸಾಲದ್ದಕ್ಕೆ ಹಲ್ಲಿನ ಡಾಕ್ಟರೇ ಮರಳಿ ಬಂದರು.

ಅಕ್ಕ ಮಾತ್ರ ಕೆಂಡವಾದಳು. “ಒಡಹುಟ್ಟಿದವಳ ಎದುರಿಗೇ ಸುಳ್ಳು ಬರೀತೀಯೇನೋ? ನನ್ನ ಊಹೆ ತಪ್ಪೋದಿಲ್ಲ!”

“ನೀನು ಹೇಳಿದ್ದೂ ಸರಿ, ನಾನು ಬರೆದಿದ್ದೂ ನಿಜ,” ಎಂದು ಅವನು ಅವಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಖಾಲಿ ಹಾಳೆಯ ಮೇಲೆ ಪೆನ್ನು ಊರಿದ.

ಆ ಕಾದಂಬರಿ ಅವನದೇ; ಕೊಂದವರು ಯಾರೆಂದು ತನಗೇ ಹೊಳೆಯದೆ, ಒಂಬತ್ತು ವರ್ಷಗಳಿಂದ ಇನ್ನೂರ ಹನ್ನೆರಡನೆಯ ಪುಟದಲ್ಲೇ ನಿಂತುಬಿಟ್ಟಿದ್ದ.