ಎಂಟನೆಯ ಪುಟ

ಗಂಡನನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ದೀಪಾಲಿ ರೂಢಿಯಂತೆ ಎರಡು ಕಪ್ ಚಹಾ ಸೋಸಿದಳು. ಎರಡನೆಯದನ್ನು ಏನು ಮಾಡುವುದೆಂದು ನೋಡುತ್ತಿರುವಾಗಲೇ ಗಡಿಯಾಚೆಯ ಮರಾಠಿ ಸೀಮೆಗೆ ಸೇರಿದ ಉಟಗಿಯ ನಾಟಕ ಮಂಡಳಿಯ ಅಧ್ಯಕ್ಷ ಮಲಕಾಜಪ್ಪ ಬಂದು ಅದನ್ನು ಕುಡಿದುಬಿಟ್ಟ.

"ಆಗೂದು ಆಗಿ ಹೋತವ್ವಾ," ಎಂದು ಮೀಸೆ ಒರೆಸಿಕೊಂಡು ಬಗಲಿನ ಚೀಲದಿಂದ ಕೈಬರಹದ ವಹಿ ತೆಗೆದ. ಅವಳ ಗಂಡ ಮಹಾಂತ ಬರೆದ ನಾಟಕ. ಊರವರೆಲ್ಲರಂತೆ ಅವನೂ ಕಲಿತದ್ದು ಮರಾಠಿ ಶಾಲೆಯಲ್ಲಿ. ಹಾಗಾಗಿ ಮಾತು ಕನ್ನಡದ್ದು, ಅಕ್ಷರ ಮರಾಠಿಯದು. ಕನ್ನಡ ಅಕ್ಷರದಲ್ಲಿ ಕ್ರಮವಾಗಿ ಬರೆದು ಕಳಿಸಿ ಎಂದು ಗಡಿನಾಡ ಸ್ಪರ್ಧೆಯವರು ತಿರುಗಿ ಕಳಿಸಿದ್ದರು. ಜೊತೆಗೊಂದು ನಿಯಮಗಳ ಅಚ್ಚಿನ ಹಾಳೆ: ಮೊದಲ ಪುಟದಲ್ಲಿ ನಾಟಕದ ಹೆಸರು, ಬರೆದವರ ಹೆಸರು; ಪ್ರತಿ ದೃಶ್ಯಕ್ಕೂ ಸ್ಥಳ, ಹೊತ್ತು; ಪಾತ್ರದ ಹೆಸರು ಸಾಲಿನ ನಡುವೆ, ಮಾತು ಕೆಳಗೆ, ನಟನೆ ಕಂಸದೊಳಗೆ.

"ವಿಜಾಪುರದಾಗ ಎಂ.ಎ. ಮಾಡೀದಿ. ಕನ್ನಡ ಅಕ್ಷರ ನಮಗ್ಯಾರಿಗೆ ಬರ್ತಾವ? ನೀನ ಬರದ ಕೊಡು, ಸಂಜೀ ಜೀಪಿಗೆ ಕಳಸಬೇಕು. ನಿನ್ನ ದುಃಖ ನೋಡಿ ಐದ ದಿನ ತಡಕೊಂಡೇನಿ."

ಹೊತ್ತು ಇಳಿಯುವಾಗ ಮತ್ತೆ ಬಂದ. "ಮುಗೀತೇನವ್ವಾ?"

"ಆತ್ರಿ ಕಾಕಾ. ಮೊದಲ ಪುಟ ಅಷ್ಟ ಉಳದೈತಿ."

"ಬರದಾಂವ ಅಂತ ನನ್ನ ಹೆಸರ ಹಾಕು. ಹೋದಾಂವ ಹೋದ. ಇನ್ನ ಅವನ ಹೆಸರಿಗೇನು ಕೆಲಸ?"

ದೀಪಾಲಿಯ ಪೆನ್ನು ನಿಂತಿತು. ವಹಿಯ ಎಂಟನೆಯ ಪುಟ ತೆಗೆದಳು. ನಾಟಕದಲ್ಲಿ ಅಣ್ಣನ ಹೆಣ ಎತ್ತುವ ಮೊದಲೇ ಹೊಲದ ಕಾಗದ ಹಿಡಿದು ಊರ ಲೆಕ್ಕ ಬರೆಯುವ ತಲಾಠಿಯ ಮುಂದೆ ನಿಂತ ಗೌಡನ ಮಾತು. ಮೆಲ್ಲಗೆ ಓದಿದಳು: "ಹೋದಾಂವ ಹೋದ. ಇನ್ನ ಅವನ ಹೆಸರಿಗೇನು ಕೆಲಸ?"

ಮಲಕಾಜಪ್ಪ ಮೀಸೆ ತಿರುವುವುದನ್ನು ಬಿಟ್ಟು ವಹಿಯ ಮೇಲೆ ಬಾಗಿದ. "ಇದನ್ನ ಯಾವಾಗ ಬರದಾ ಅಂವ?"

"ನೀವು ಓದಿಲ್ಲೇನ್ರಿ?"

"ನಾ ನನ್ನ ಪಾರ್ಟ ಅಷ್ಟ ಬಾಯಿಪಾಠ ಮಾಡೇನಿ. ನಂದು ಸಾಧೂ ಪಾರ್ಟ."

"ಅಂಚಿನ್ಯಾಗ ಏನ ಬರದಾರ ನೋಡ್ರಿ: 'ಮಲಕಾಜಪ್ಪ ಕಾಕಾನ ಕಡಿಂದ ಕಡ ತಂದ ಮಾತು.' ನಿಮ್ಮ ಹೆಸರ ಹಾಕ್ಲೇನು? ಅಂದಾಂವನೂ ಕಾಕಾ, ಬರದಾಂವನೂ ಕಾಕಾ ಅಂದಾರು ಮಂದಿ."

"ಬ್ಯಾಡ ಬ್ಯಾಡ! ಮಹಾಂತನ ಹೆಸರ ಇರ್ಲಿ. ಪಾಪ, ಭಾಳ ಚಲೋ ಹುಡುಗ. ಆ ಮಾತು ಅಷ್ಟ ತಗದ ಬಿಡವ್ವಾ."

ಅವಳು ಮೊದಲ ಪುಟದಲ್ಲಿ ಮಹಾಂತನ ಹೆಸರು ಬರೆದಳು. ಐದು ದಿನದಿಂದ ಅವಳ ಮುಖದಲ್ಲಿ ಏನೂ ಇರಲಿಲ್ಲ, ಈಗಲೂ ಇರಲಿಲ್ಲ. ಆಮೇಲೆ ವಹಿಯ ಆ ಸಾಲಿನ ಮೇಲೂ ಕೆಳಗೂ ಅಳತೆಪಟ್ಟಿಯಿಟ್ಟು, ಅಂಚಿನ ಸಮೇತ ನೀಟಾಗಿ ಹರಿದು ಅವನ ಅಂಗೈಯಲ್ಲಿಟ್ಟಳು.

"ಕಡ ತಂದದ್ದು. ವಾಪಸ್ ತಗೋರಿ."

ಮಲಕಾಜಪ್ಪ ಆ ಚೂರನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟುಕೊಂಡ. ತನಗೆ ಓದಲು ಬಾರದ ಕನ್ನಡ ಅಕ್ಷರದ ಹೊಸ ಪ್ರತಿಯನ್ನು ಜತನದಿಂದ ಬಗಲಲ್ಲಿ ಹಿಡಿದು ಜೀಪಿನ ಕಡೆ ನಡೆದ. ಅದರ ಎಂಟನೆಯ ಪುಟದಲ್ಲಿ ಗೌಡನ ಹೆಸರು ಸಾಲಿನ ನಡುವೆ, ಆ ಮಾತು ಅದರ ಕೆಳಗೆ, ಅಚ್ಚಿನ ಹಾಳೆಯಲ್ಲಿ ಹೇಳಿದಂತೆಯೇ ಇತ್ತು.